ಕೂಸು ತವರಿನಲ್ಲಿ, ಅಪ್ಪ ಪಾಳಿಯಲ್ಲಿ: ಮೊದಲ ಸಲ ತಂದೆಯಾದವರು ಏನು ಮಾಡಿದಿರಿ?

ಎಡದಂಡೆ (ತೋರಣಗಲ್ಲು)

ಎಲ್ಲರಿಗೂ ನಮಸ್ಕಾರ. ತೋರಣಗಲ್ಲಿನ ಕಡೆ ಕಾರ್ಖಾನೆಯಲ್ಲಿ ಪಾಳಿ ಕೆಲಸ ನನ್ನದು. ಹೆಂಡತಿಯ ತವರು ಸಿಂಧನೂರು ತಾಲ್ಲೂಕಿನ ಒಂದು ಹಳ್ಳಿ. ಯುಗಾದಿಯ ನಂತರ ಹೆಣ್ಣು ಕೂಸು ಹುಟ್ಟಿತು. ಚೊಚ್ಚಲ ಹೆರಿಗೆ, ಸಹಜವಾಗಿಯೇ ಆಯಿತು. ಕೂಸಿನ ತೂಕವೂ ಚೆನ್ನಾಗಿದೆ. ಅಷ್ಟರ ಮಟ್ಟಿಗೆ ಚಿಂತೆ ಇಲ್ಲ.

ನನ್ನ ತೊಡಕು ಬೇರೆ. ವಾರದ ರಜೆ ಸಿಕ್ಕಿದ ಕೂಡಲೇ ಬಸ್ ಹತ್ತಿ ಹೋಗುತ್ತೇನೆ. ಪಡಸಾಲೆಯಲ್ಲಿ ಕುರ್ಚಿ ಹಾಕಿ ಫ್ಯಾನನ್ನು ನನ್ನ ಕಡೆ ತಿರುಗಿಸುತ್ತಾರೆ. ಒಗ್ಗರಣೆ, ಮಿರ್ಚಿ, ಚಹಾ ಬರುತ್ತವೆ. ಆಮೇಲೆ ಅತ್ತೆಯವರು ಕೂಸನ್ನು ಹೊರಗೆ ತಂದು, ಮುಖದ ಮೇಲಿನ ಬಟ್ಟೆ ಸರಿಸಿ, "ನೋಡಿರಿ, ಮೂಗು ನಿಮ್ಮದೇ" ಎಂದು ತೋರಿಸಿ ಮತ್ತೆ ಒಳಗೆ ಒಯ್ಯುತ್ತಾರೆ. ನಾನು ಕೈ ಚಾಚಿದರೆ ಎಲ್ಲಿ ಬೀಳಿಸುತ್ತೇನೋ ಎಂದು ಮನೆಮಂದಿಯೆಲ್ಲ ಕೆಳಗೆ ಕೈ ಹಿಡಿದು ನಿಲ್ಲುತ್ತಾರೆ. ಬಾಣಂತಿಯ ಕೋಣೆಗೆ ಗಂಡಸರು ಹೋಗುವ ಹಾಗಿಲ್ಲ. ಹೋದರೂ ಕೂರಲು ಆಗದು: ಕಿಟಕಿ ಮುಚ್ಚಿದೆ, ಅಗ್ಗಿಷ್ಟಿಕೆಯಲ್ಲಿ ಕೆಂಡ, ಮೇಲೆ ಲೋಬಾನದ ಹೊಗೆ. ಹೊರಗೆ ನಲವತ್ತು ಡಿಗ್ರಿ ದಾಟಿದ ಬಿಸಿಲು.

ರಾತ್ರಿ ಫೋನ್ ಮಾಡಿದರೆ ಹೆಂಡತಿ ಮಾತು ಶುರು ಮಾಡುವ ಮೊದಲೇ ಅಳುತ್ತಾಳೆ. ಏಕೆಂದು ಕೇಳಿದರೆ "ಏನಿಲ್ಲ" ಎನ್ನುತ್ತಾಳೆ. ಐದನೇ ತಿಂಗಳಲ್ಲಿ ಕಳುಹಿಸುತ್ತೇವೆ ಎಂದು ಹಿರಿಯರು ಮಾತಾಡಿಕೊಂಡಿದ್ದಾರೆ. ಅಲ್ಲಿಯವರೆಗೆ ನಾನು ಹಣ್ಣು ಹಿಡಿದು ಬರುವ ಬೀಗನಾಗಿಯೇ ಇರಬೇಕೆ? ಈ ಐದು ತಿಂಗಳಲ್ಲಿ ತಂದೆಯಾದವನ ಕೆಲಸ ಎಂಬುದೊಂದು ಇದೆಯೇ? ಇನ್ನೊಂದು ಪ್ರಶ್ನೆ: ಇಷ್ಟು ಸೆಕೆಯಲ್ಲಿ ಕೂಸಿಗೆ ಸ್ವಲ್ಪ ನೀರು ಕುಡಿಸಬಹುದೆ? ಮನೆಯಲ್ಲಿ ಇದೇ ದೊಡ್ಡ ವಾದವಾಗಿದೆ. ತಮಾಷೆ ಮಾಡುವವರು ಮಾಡಿ, ಜೊತೆಗೆ ಉಪಯೋಗಕ್ಕೆ ಬರುವ ಒಂದು ಮಾತನ್ನೂ ಹೇಳಿ.

ಗಂಗಾವತಿ ಸೋನಾ

ಅಭಿನಂದನೆಗಳು! ಐದು ತಿಂಗಳು ರಾತ್ರಿ ಪೂರ್ತಿ ನಿದ್ದೆ ಸಿಗುವ ಅದೃಷ್ಟವನ್ನು ಯಾರಾದರೂ ತೊಡಕು ಎನ್ನುತ್ತಾರೆಯೇ? ಮಲಗಿಬಿಡಿ ಸರ್. ಆರನೇ ತಿಂಗಳಲ್ಲಿ ನೆನೆಸಿಕೊಳ್ಳುವಿರಿ.

(ಉಪಯೋಗಕ್ಕೆ ಬರುವ ಮಾತು: ಹೋಗುವಾಗ ಹಣ್ಣು ಬೇಡ, ಒಗೆದು ಒಣಗಿಸಿದ ಹಳೆಯ ಹತ್ತಿ ಧೋತರ, ಸೀರೆಗಳನ್ನು ಒಯ್ಯಿರಿ. ಕೂಸಿನ ಕೆಳಗೆ ಹಾಸುವ ಬಟ್ಟೆ ಎಷ್ಟಿದ್ದರೂ ಸಾಲದು.)

ಮಾನ್ವಿ ಮೇಷ್ಟ್ರು

ಎಡದಂಡೆಯವರೇ, ಆ ಮನೆಯಲ್ಲಿ ನೀವಿನ್ನೂ ಅಳಿಯ. ಅಳಿಯನಿಗೆ ಕುರ್ಚಿ ಇರುತ್ತದೆ, ಕೆಲಸ ಇರುವುದಿಲ್ಲ. ಕುರ್ಚಿ ಬಿಟ್ಟು ಏಳುವವರೆಗೆ ಕೂಸು ಕೈಗೆ ಬರುವುದಿಲ್ಲ.

ನಾನು ಸರ್ಕಾರಿ ಶಾಲೆಯ ಶಿಕ್ಷಕ. ರಾಜ್ಯ ಸರ್ಕಾರಿ ನೌಕರರಿಗೆ 15 ದಿನಗಳ ಪಿತೃತ್ವ ರಜೆ ಇದೆ. ಎರಡಕ್ಕಿಂತ ಕಡಿಮೆ ಮಕ್ಕಳಿರುವವರಿಗೆ ಅದು ಸಿಗುತ್ತದೆ. ನಾನು ಅರ್ಜಿ ಬರೆದಾಗ ಸಿಬ್ಬಂದಿ ಕೊಠಡಿಯಲ್ಲಿ ನಕ್ಕವರೇ ಹೆಚ್ಚು. "ಹೆತ್ತವಳು ಅವಳು, ಸುಸ್ತು ನಿಮಗೆ?" ಎಂದರು. ಸುಸ್ತು ಆಮೇಲೆ ಆಯಿತು, ಆ ಮಾತು ಬೇರೆ.

ರಜೆ ಹಾಕಿ ನೇರವಾಗಿ ಮಾವನವರ ಮನೆಗೆ ಹೋದೆ. ಮೊದಲ ದಿನ ನಿಮ್ಮದೇ ಕಥೆ. ಎರಡನೇ ದಿನ ಬೆಳಗ್ಗೆ ಬಚ್ಚಲಿನ ಹತ್ತಿರ ಬಕೆಟ್ ತುಂಬ ಕೂಸಿನ ಬಟ್ಟೆ ಬಿದ್ದಿತ್ತು. ಲುಂಗಿ ಮೇಲೆ ಕಟ್ಟಿ ಒಗೆಯಲು ಕುಳಿತೆ. ಅತ್ತೆ ಓಡಿಬಂದು ಬಕೆಟ್ ಕಸಿದುಕೊಂಡರು. ಅಳಿಯ ಹೇಲುಬಟ್ಟೆ ಒಗೆಯುವುದನ್ನು ಎದುರು ಮನೆಯವರು ಕಂಡರೆ ಊರಲ್ಲಿ ತಲೆ ಎತ್ತಿ ತಿರುಗುವುದು ಹೇಗೆ ಎಂಬುದು ಅವರ ಸಂಕಟ. ನಾನು ಬಿಡಲಿಲ್ಲ, ಅವರೂ ಬಿಡಲಿಲ್ಲ. ಕಡೆಗೆ ಹಿತ್ತಲಿನ ಬಾಗಿಲು ಮುಚ್ಚಿ ಒಗೆಯಬೇಕು ಎಂಬ ಒಪ್ಪಂದವಾಯಿತು. ಮೊದಲ ಎರಡು-ಮೂರು ದಿನದ್ದು ಕಪ್ಪು, ಟಾರಿನಂತೆ ಅಂಟು. ಆಮೇಲೆ ಹಸಿರು, ಮತ್ತೆ ಹಳದಿ. ತಣ್ಣೀರಿನಲ್ಲಿ ಮೊದಲು ಜಾಲಿಸಿ, ನಂತರ ಸೋಪು, ಕೊನೆಗೆ ಕುದಿಯುವ ನೀರು, ಆಮೇಲೆ ಕಡು ಬಿಸಿಲಿಗೆ ಒಣಹಾಕಬೇಕು. ನಮ್ಮ ಸೀಮೆಯ ಬಿಸಿಲಿನಿಂದ ಆಗುವ ಉಪಕಾರ ಅದೊಂದೇ.

ಒಗೆಯತೊಡಗಿದ ಮೇಲೆ ಕೂಸಿಗೆ ಎಷ್ಟು ಸಲ ಒದ್ದೆಯಾಯಿತು, ಬಣ್ಣ ಹೇಗಿತ್ತು ಎಂಬ ಲೆಕ್ಕ ಮನೆಯಲ್ಲಿ ಎಲ್ಲರಿಗಿಂತ ನನಗೇ ಚೆನ್ನಾಗಿ ಗೊತ್ತಿತ್ತು. ವೈದ್ಯರು ಕೇಳಿದ ಪ್ರಶ್ನೆಗಳಿಗೆ ಉತ್ತರ ಕೊಟ್ಟವನೂ ನಾನೇ. ಅಂದಿನಿಂದ ಅತ್ತೆಯವರು ಕೂಸನ್ನು ಕೇಳದೆಯೇ ನನ್ನ ತೊಡೆಯ ಮೇಲೆ ಇಡತೊಡಗಿದರು.

ಖಾಸಗಿ ಕಾರ್ಖಾನೆಯವರಿಗೆ ಈ ರಜೆ ಕೊಡಲೇಬೇಕೆಂಬ ಕಾನೂನಿಲ್ಲ. ತಾಯಿಯ ಹೆರಿಗೆ ರಜೆಯನ್ನು 2017ರ ತಿದ್ದುಪಡಿ 26 ವಾರಕ್ಕೆ ಏರಿಸಿತು, ತಂದೆಯ ಹೆಸರನ್ನೇ ಎತ್ತಲಿಲ್ಲ. ಆದರೂ ಕೆಲವು ಕಂಪನಿಗಳು ತಾವಾಗಿಯೇ ಕೆಲವು ದಿನ ಕೊಡುತ್ತವೆ. ಕೇಳಿ ನೋಡಿ.

ಹಳೇ ಕೋಟೆ (ಬಳ್ಳಾರಿ)

ಮೇಷ್ಟ್ರೇ, ಬಟ್ಟೆ ಒಗೆದಿರಿ, ಸಂತೋಷ. ಆದರೆ ಇಲ್ಲಿ ಬಾಣಂತನವನ್ನೇ ಸೆರೆಮನೆ ಎನ್ನುವ ಧಾಟಿ ಕಾಣುತ್ತಿದೆ. ಅದಕ್ಕೆ ಎರಡು ಮಾತು ಹೇಳುತ್ತೇನೆ. ನಾನು ಮೂರು ಹೆತ್ತವಳು, ಇಬ್ಬರು ಹೆಣ್ಣುಮಕ್ಕಳ ಬಾಣಂತನ ಮಾಡಿದವಳು.

ತವರಿನಲ್ಲಿ ಹಸಿ ಬಾಣಂತಿ ಬೇಕೆಂದಾಗ ಮಲಗಬಹುದು, ಬೇಕೆಂದಾಗ ಉಣ್ಣಬಹುದು, ಸಿಟ್ಟು ಬಂದರೆ ತಾಯಿಯ ಮೇಲೆ ಹರಿಹಾಯಬಹುದು. ಗಂಡನ ಮನೆಯಲ್ಲಿ ಪುರುಡು ಕಳೆದ ಮರುದಿನವೇ ಅವಳು ರೊಟ್ಟಿ ಬಡಿಯಲು ಕೂರಬೇಕಾಗುತ್ತದೆ. ಬಾಯಲ್ಲಿ ಯಾರೂ ಹೇಳುವುದಿಲ್ಲ, ಆದರೆ ಕೂರಬೇಕಾಗುತ್ತದೆ. ಅಂಟಿನುಂಡೆ, ಅಳವಿ ಪಾಯಸ, ಸಬ್ಬಸಿಗೆ ಸೊಪ್ಪಿನ ಪಲ್ಯ, ಬೆಳ್ಳುಳ್ಳಿ ಸುಟ್ಟು ಹಾಕಿದ ಕೊಬ್ಬರಿ ಖಾರ, ಬಿಸಿ ರೊಟ್ಟಿ, ತುಪ್ಪ. ಇವನ್ನೆಲ್ಲ ಹೊತ್ತು ಹೊತ್ತಿಗೆ ಮಾಡಿ ಬಡಿಸುವವರು ಬೇರೆಲ್ಲಿ ಸಿಗುತ್ತಾರೆ? ಅಂಗಳದಲ್ಲಿ ಕೂತ ಅಳಿಯನಿಗೆ ಬೇಸರವಾಯಿತೆಂದು ಇದನ್ನೆಲ್ಲ ಬಿಡಲಾಗದು.

ತಮ್ಮಾ ಎಡದಂಡೆ, ನಿನ್ನ ಅತ್ತೆ ನಿನ್ನನ್ನು ಹೊರಗೆ ಕೂರಿಸಿದ್ದು ಮರ್ಯಾದೆಗೆ, ದೂರ ಇಡಲು ಅಲ್ಲ. "ಅತ್ತೀ, ಕೂಸನ್ನು ಹಿಡಿಯುವುದು ಹೇಗೆ, ನೀವೇ ಕಲಿಸಿರಿ" ಎಂದು ಒಮ್ಮೆ ಕೇಳು. ನಮ್ಮಂಥವರಿಗೆ ಕಲಿಸು ಎಂದರೆ ಸಾಕು, ಬಾಗಿಲು ತಾನಾಗಿ ತೆರೆಯುತ್ತದೆ.

ತಾಯಿ ಕಾರ್ಡ್ (ರಾಯಚೂರು)

ಹೆರಿಗೆ ವಾರ್ಡಿನಲ್ಲಿ ದುಡಿದು ನಿವೃತ್ತಳಾದ ದಾದಿ ನಾನು. ಹಳೇ ಕೋಟೆ ಅಕ್ಕನ ಊಟದ ಪಟ್ಟಿಗೆ ನನ್ನ ಪೂರ್ತಿ ಒಪ್ಪಿಗೆ ಇದೆ. ಕೋಣೆಯ ವಿಷಯಕ್ಕೆ ಮಾತ್ರ ಇಲ್ಲ.

ಮೊದಲು ನೀರಿನ ಪ್ರಶ್ನೆ. ಬೇಡ, ಒಂದು ಚಮಚವೂ ಬೇಡ. ಆರು ತಿಂಗಳು ತುಂಬುವವರೆಗೆ ಎದೆಹಾಲು ಮಾತ್ರ. ರಾಯಚೂರಿನ ಮೇ ತಿಂಗಳಿಗೂ ಇದೇ ಮಾತು. ಎದೆಹಾಲಿನ ಬಹುಭಾಗ ನೀರೇ ಆಗಿರುತ್ತದೆ. ಸೆಕೆ ಹೆಚ್ಚಾದರೆ ಕೂಸು ಹೆಚ್ಚು ಸಲ ಹಾಲು ಕೇಳುತ್ತದೆ, ಕೇಳಿದಾಗ ಕೊಟ್ಟರಾಯಿತು. ನೀರು ಕುಡಿಸಿದರೆ ಆ ಪುಟ್ಟ ಹೊಟ್ಟೆ ತುಂಬಿ ಹಾಲು ಕುಡಿಯುವುದು ಕಡಿಮೆಯಾಗುತ್ತದೆ, ನೀರಿನ ಜೊತೆ ಭೇದಿಯೂ ಬರಬಹುದು. ನೀರು ಬೇಕಾದದ್ದು ತಾಯಿಗೆ. ಬಾಣಂತಿಗೆ ನೀರು ಕೊಟ್ಟರೆ ಹೊಟ್ಟೆ ದಪ್ಪವಾಗುತ್ತದೆ ಎಂದು ಲೋಟ ಅಳೆದು ಕೊಡುವ ಮನೆಗಳನ್ನು ನೋಡಿದ್ದೇನೆ. ನಿಮ್ಮ ಮನೆಯಲ್ಲಿ ಹಾಗಿದ್ದರೆ, ತಂದೆಯ ಮೊದಲ ಕೆಲಸ ಅವಳ ಪಕ್ಕ ತುಂಬಿದ ನೀರಿನ ತಂಬಿಗೆ ಇಡುವುದು.

ಹಾಲು ಸಾಲುತ್ತದೆಯೇ ಎಂದು ತಿಳಿಯಲು ಮೇಷ್ಟ್ರು ಹೇಳಿದ ಬಕೆಟ್ಟೇ ಸಾಕ್ಷಿ. ಮೊದಲ ವಾರ ಮುಗಿಯುವ ಹೊತ್ತಿಗೆ ದಿನಕ್ಕೆ ಆರು ಸಲವಾದರೂ ಮೂತ್ರ ಹೋಗಬೇಕು. ಹುಟ್ಟಿದ ಮೊದಲ ದಿನಗಳಲ್ಲಿ ಕೂಸಿನ ತೂಕ ಸ್ವಲ್ಪ ಇಳಿಯುತ್ತದೆ, ಎರಡು ವಾರದೊಳಗೆ ಹುಟ್ಟಿದ ತೂಕಕ್ಕೆ ಮರಳುತ್ತದೆ. ಅದನ್ನು ಕಂಡು "ಹಾಲು ಸಾಲದು" ಎಂದು ಡಬ್ಬಿ ಹಾಲು ತರಲು ಓಡಬೇಡಿ. ದಿನಕ್ಕೆ ಎಂಟರಿಂದ ಹನ್ನೆರಡು ಸಲ ಹಾಲು ಕೇಳುವುದು ಹಸುಗೂಸಿನ ಸಹಜ ರೀತಿ.

ಇನ್ನು ಅಗ್ಗಿಷ್ಟಿಕೆ. ಇದ್ದಿಲು ಉರಿಯುವಾಗ ಕಾರ್ಬನ್ ಮೊನಾಕ್ಸೈಡ್ ಹೊರಡುತ್ತದೆ. ಅದಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಮುಚ್ಚಿದ ಕೋಣೆಯಲ್ಲಿ ತಾಯಿ-ಮಗು ಇಬ್ಬರ ಜೀವಕ್ಕೂ ಅಪಾಯ. ಮಲೆನಾಡಿನ ಮಳೆಗಾಲದಲ್ಲಿ ಕೂಸನ್ನು ಬೆಚ್ಚಗಿಡಲು ಬೆಂಕಿ ಬೇಕಿತ್ತೇನೋ. ಸಿಂಧನೂರಿನ ಬೇಸಿಗೆಯಲ್ಲಿ ಗೋಡೆಯೇ ಕೆಂಡವಾಗಿರುತ್ತದೆ. ಮೇಲೆ ಕುಂಚಿಗೆ, ಸ್ವೆಟರು, ಎರಡು ಪದರ ಕೌದಿ ಹೊದಿಸಿದರೆ ಕೂಸಿಗೆ ಮೈ ಸುಡುತ್ತದೆ, ಬೆವರುಸಾಲೆ ಏಳುತ್ತದೆ. ಕಿಟಕಿ ತೆರೆಯಿರಿ, ತೆಳು ಹತ್ತಿ ಬಟ್ಟೆ ಹಾಕಿ, ಫ್ಯಾನ್ ಹಚ್ಚಿ. ನೇರವಾಗಿ ಮುಖಕ್ಕೆ ಗಾಳಿ ಬಡಿಯದಿದ್ದರೆ ಆಯಿತು. ಕತ್ತು, ಎದೆ ಮುಟ್ಟಿ ನೋಡಿದರೆ ಸೆಕೆಯೋ ತಂಪೋ ತಿಳಿಯುತ್ತದೆ. ಕೈಕಾಲು ಮುಟ್ಟಿ ತೀರ್ಮಾನಿಸಬೇಡಿ.

ಮಾಡಬಾರದ ಇನ್ನು ಕೆಲವು. ಜೇನು ನೆಕ್ಕಿಸಬೇಡಿ, ಒಂದು ವರ್ಷ ತುಂಬುವವರೆಗೆ ಬೇಡವೇ ಬೇಡ. ಕಣ್ಣಿಗೆ ಕಾಡಿಗೆ ಬೇಡ, ಅದರಲ್ಲಿ ಸೀಸ ಇರಬಹುದು. ದೃಷ್ಟಿಬೊಟ್ಟು ಇಡಲೇಬೇಕೆಂದರೆ ಅಂಗಾಲಿಗೆ ಇಡಿ. ಹೊಕ್ಕುಳಿಗೆ ಎಣ್ಣೆ, ಬೂದಿ, ಅರಿಶಿನ ಏನನ್ನೂ ಹಚ್ಚಬೇಡಿ, ಒಣಗಿ ತಾನಾಗಿ ಉದುರುತ್ತದೆ. ಎರೆಯುವ ಅಜ್ಜಿ ಮೂಗಿಗೆ, ಕಿವಿಗೆ ಎಣ್ಣೆ ಬಿಡುವುದು, ಕೂಸಿನ ಎದೆ ಹಿಂಡುವುದು ಮಾಡಿದರೆ ತಡೆಯಿರಿ. ಅಂಗಾತ ಮಲಗಿಸಿ, ಬೋರಲು ಬೇಡ.

ಇವು ಕಂಡರೆ ಕಾಯಬೇಡಿ: ಹಾಲು ಕುಡಿಯುವುದನ್ನು ಬಿಟ್ಟರೆ, ಎಬ್ಬಿಸಿದರೂ ಸೋತು ಬಿದ್ದಂತಿದ್ದರೆ, ನಿಮಿಷಕ್ಕೆ 60ಕ್ಕಿಂತ ಹೆಚ್ಚು ಉಸಿರಾಡುತ್ತಿದ್ದರೆ, ಎದೆ ಒಳಕ್ಕೆ ಎಳೆದುಕೊಳ್ಳುತ್ತಿದ್ದರೆ, ಮೈ ಸುಡುತ್ತಿದ್ದರೆ ಅಥವಾ ತಣ್ಣಗಾಗಿದ್ದರೆ, ಫಿಟ್ಸ್ ಬಂದರೆ, ಅಂಗೈ-ಅಂಗಾಲು ಹಳದಿಯಾದರೆ. 108ಕ್ಕೆ ಕರೆ ಮಾಡಿ ಹೊರಡಿ. ಕಾಮಾಲೆಗೆ ಎಳೆಬಿಸಿಲು ಹಿಡಿದರೆ ಸಾಕು ಎಂದು ಮನೆಯಲ್ಲೇ ಕೂರಬೇಡಿ. ಆಸ್ಪತ್ರೆಯ ನೀಲಿ ಬೆಳಕಿನ ಕೆಲಸವನ್ನು ಅಂಗಳದ ಬಿಸಿಲು ಮಾಡುವುದಿಲ್ಲ.

ಆಸ್ಪತ್ರೆಯಲ್ಲಿ ಹೆರಿಗೆಯಾದರೆ ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೇ ದಿನ ಮನೆಗೆ ಬಂದು ಕೂಸನ್ನು ತೂಗಿ ನೋಡಬೇಕು. ತವರಿಗೆ ಬಂದ ಬಾಣಂತಿಯರ ಹೆಸರು ಎಷ್ಟೋ ಸಲ ಆ ಊರಿನ ಪಟ್ಟಿಯಲ್ಲಿ ಇರುವುದೇ ಇಲ್ಲ. ಹೋಗಿ ಬರೆಸಿ ಬನ್ನಿ. ಇದು ಬಸ್ಸಿನಿಂದ ಇಳಿದು ಬರುವ ತಂದೆ ಮಾಡಬಹುದಾದ ಕೆಲಸ.

ಬಯಲು ಗಾಳಿ (ಲಿಂಗಸುಗೂರು)

ಮೇಡಂ, ಬಜೆ ತೇಯ್ದು ನೆಕ್ಕಿಸುವುದನ್ನು ನೀವು ಬರೆಯಲಿಲ್ಲ. ನಮ್ಮ ಅಜ್ಜಿ ಹನ್ನೊಂದು ಮಕ್ಕಳಿಗೆ ಬಜೆ ತೇಯ್ದು ನೆಕ್ಕಿಸಿದ್ದಾಳೆ. ನಾವೆಲ್ಲ ಅದನ್ನು ನೆಕ್ಕಿಯೇ ಬೆಳೆದದ್ದು.

ತಾಯಿ ಕಾರ್ಡ್ (ರಾಯಚೂರು)

ಹನ್ನೊಂದರಲ್ಲಿ ಎಷ್ಟು ಉಳಿದವು ಎಂದು ಅಜ್ಜಿಯನ್ನೇ ಕೇಳಿ ನೋಡಿ, ತಮ್ಮಾ. ನಾನು ಕೇಳಿದ ಅಜ್ಜಿಯರು ಬಹಳ ಮಂದಿ ಉತ್ತರ ಹೇಳುವಾಗ ಸೆರಗು ಕಣ್ಣಿಗೆ ಒತ್ತಿಕೊಂಡಿದ್ದಾರೆ. ಬಜೆಯೂ ಬೇಡ, ಗುಟ್ಟಿಯೂ ಬೇಡ, ಗ್ರೈಪ್ ವಾಟರ್ ಕೂಡ ಬೇಡ.

ಕಿನ್ನಾಳ ಗೊಂಬೆ (ಕೊಪ್ಪಳ)

ನಮ್ಮದು ಬೇರೆ ದಾರಿ. ದಿನ ತುಂಬುವ ಮೊದಲೇ ಹೆರಿಗೆಯಾಯಿತು. ಮಗ ಎರಡು ಕೆ.ಜಿ. ಕೂಡ ಇರಲಿಲ್ಲ. ಹೆಂಡತಿಗೆ ಶಸ್ತ್ರಚಿಕಿತ್ಸೆ, ಎದ್ದು ಕೂರಲು ಆಗದು. ಕೆಲವು ದಿನ ಎಳೆಗೂಸುಗಳ ವಿಶೇಷ ಘಟಕದಲ್ಲಿ ಇಟ್ಟರು. ಹೊರಗೆ ಬಂದ ಮೇಲೆ ದಾದಿಯೊಬ್ಬರು ನನ್ನ ಕಡೆ ತಿರುಗಿ, "ಅಂಗಿ ಬಿಚ್ಚಿರಿ" ಎಂದರು. ನಾನು ಸುತ್ತ ನೋಡಿದೆ, ಬೇರೆ ಗಂಡಸರು ಯಾರೂ ಇರಲಿಲ್ಲ.

ಕಾಂಗರೂ ಆರೈಕೆ ಎನ್ನುತ್ತಾರೆ. ಕೂಸಿಗೆ ಟೋಪಿ, ಕಾಲುಚೀಲ, ಲಂಗೋಟಿ ಬಿಟ್ಟು ಬೇರೆ ಬಟ್ಟೆ ಇಲ್ಲ. ಅದನ್ನು ನೆಟ್ಟಗೆ ಎದೆಯ ಮೇಲೆ ಮಲಗಿಸಿ, ಮೈಗೆ ಮೈ ತಾಗುವಂತೆ, ಮೇಲೆ ಬಟ್ಟೆ ಸುತ್ತಿ ಕಟ್ಟುತ್ತಾರೆ. ತಲೆ ಒಂದು ಪಕ್ಕಕ್ಕೆ ಇರಬೇಕು, ಉಸಿರಾಟ ನಮಗೆ ಕಾಣಬೇಕು. ನನ್ನ ಮೈಯ ಬಿಸಿಯೇ ಅವನಿಗೆ ಬಿಸಿ. ಮೊದಲ ಅರ್ಧ ಗಂಟೆ ನಾನು ಉಸಿರು ಬಿಗಿಹಿಡಿದು ಕುಳಿತಿದ್ದೆ. ದಾದಿ ನಕ್ಕು, "ನೀವು ಉಸಿರಾಡಿದರೆ ಅವನಿಗೇನೂ ಆಗುವುದಿಲ್ಲ" ಎಂದರು. ಆಮೇಲೆ ಅವನ ಬೆರಳುಗಳು ನನ್ನ ಎದೆಗೂದಲನ್ನು ಹಿಡಿದವು. ಬಿಡಿಸಲು ಹೋದರೆ ಇನ್ನೂ ಬಿಗಿ.

ಇದು 1978ರಲ್ಲಿ ಕೊಲಂಬಿಯಾದ ಬೊಗೋಟಾದಲ್ಲಿ ಇನ್‌ಕ್ಯುಬೇಟರುಗಳು ಸಾಲದೆ ಇದ್ದಾಗ ವೈದ್ಯರು ಶುರು ಮಾಡಿದ್ದು. ನಮ್ಮವರಿಗೆ ಗೊತ್ತಿಲ್ಲದ ಸಂಗತಿ ಎಂದರೆ, ಕಡಿಮೆ ತೂಕದ ಕೂಸುಗಳಿಗೆ ಇದನ್ನು ಇಡೀ ಜಿಲ್ಲೆಯಲ್ಲಿ ಆಸ್ಪತ್ರೆಯಿಂದ ಮನೆಯವರೆಗೆ ಮುಟ್ಟಿಸುವುದು ಹೇಗೆಂದು ವಿಶ್ವ ಆರೋಗ್ಯ ಸಂಸ್ಥೆಯ ಬೆಂಬಲದಿಂದ ನಡೆದ ಅಧ್ಯಯನಕ್ಕೆ ಆಯ್ದುಕೊಂಡ ಜಿಲ್ಲೆಗಳಲ್ಲಿ ನಮ್ಮ ಕೊಪ್ಪಳವೂ ಒಂದು. ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯವರು ಸರ್ಕಾರದ ಜೊತೆ ಸೇರಿ ಮಾಡಿದರು. ಹಿಂದುಳಿದ ಜಿಲ್ಲೆ ಎಂದು ನಮ್ಮನ್ನು ಕರೆಯುವವರಿಗೆ ಇದನ್ನು ಹೇಳಬೇಕೆನಿಸುತ್ತದೆ.

ಮನೆಗೆ ಬಂದ ಮೇಲೂ ಮುಂದುವರಿಸಿದೆವು. ಹೆಂಡತಿ ಊಟ, ಸ್ನಾನ, ನಿದ್ದೆಗೆ ಎದ್ದಾಗ ನನ್ನ ಪಾಳಿ. ನಮ್ಮ ತಾಯಿ ಮೊದಲು ಮುಖ ತಿರುಗಿಸಿದರು, ಆಮೇಲೆ ನನ್ನ ಕೈಗೆ ಟಿ.ವಿ. ರಿಮೋಟ್ ತಂದುಕೊಟ್ಟರು. ಎಡದಂಡೆಯವರ ಕೂಸಿಗೆ ತೂಕ ಚೆನ್ನಾಗಿರುವುದರಿಂದ ಇದು ಚಿಕಿತ್ಸೆಯಾಗಿ ಬೇಕಿಲ್ಲ. ಆದರೆ ಅಂಗಿ ಬಿಚ್ಚಿ ಎದೆಗೆ ಒರಗಿಸಿಕೊಳ್ಳಲು ಯಾವ ಕೂಸಿಗೂ ಅಡ್ಡಿಯಿಲ್ಲ. ಹುಟ್ಟಿದ ಕೂಸಿನ ಕಣ್ಣಿಗೆ ಒಂದು ಗೇಣಿನಷ್ಟು ದೂರದ್ದೇ ಸ್ಪಷ್ಟವಾಗಿ ಕಾಣುವುದು. ನಾನು ತೊಟ್ಟಿಲಿಗೆ ಕಟ್ಟಿದ್ದ ಬಣ್ಣದ ಗೊಂಬೆಯನ್ನು ಅವನು ಬಹಳ ದಿನ ನೋಡಲೇ ಇಲ್ಲ, ನನ್ನ ಮೀಸೆಯನ್ನೇ ನೋಡುತ್ತಿದ್ದ.

ಎಡದಂಡೆ (ತೋರಣಗಲ್ಲು)

ಇಷ್ಟೊಂದು ಬರೆದಿದ್ದೀರಿ, ಎಲ್ಲರಿಗೂ ಋಣಿ. ನೀರಿನ ವಾದ ಮುಗಿಯಿತು. ದಾದಿಯಮ್ಮನವರ ಬರಹವನ್ನು ಭಾಮೈದನ ಮೊಬೈಲಿಗೆ ಕಳುಹಿಸಿದೆ, ಅವನು ಎಲ್ಲರಿಗೂ ಗಟ್ಟಿಯಾಗಿ ಓದಿ ಹೇಳಿದನಂತೆ. ಅಗ್ಗಿಷ್ಟಿಕೆಯ ವಿಷಯ ಬಂದಾಗ ಅತ್ತೆಯವರು ಎದ್ದು ಹೋದರಂತೆ.

ಹೆಂಡತಿಯ ಅಳುವಿನ ಬಗ್ಗೆ ಯಾರೂ ಬರೆಯಲಿಲ್ಲ. ಅದೇ ನನಗೆ ಹೆಚ್ಚು ಚಿಂತೆ.

ಕುಷ್ಟಗಿ ಹುಡುಗಿ

ಬರೆಯುತ್ತೇನೆ. ನನ್ನ ಮಗಳಿಗೆ ಈಗ ಮೂರು ತಿಂಗಳು. ಒಂದು ಕೈಯಲ್ಲಿ ಅವಳು, ಇನ್ನೊಂದರಲ್ಲಿ ಮೊಬೈಲ್. ತಪ್ಪಿದ್ದರೆ ಕ್ಷಮಿಸಿ.

ಹೆರಿಗೆಯಾದ ಮೂರು-ನಾಲ್ಕನೇ ದಿನದಿಂದ ಕಾರಣವಿಲ್ಲದೆ ಅಳು ಬರುತ್ತದೆ. ಹಾಲು ಇಳಿದು ಎದೆ ಕಲ್ಲಾಗಿರುತ್ತದೆ, ಹೊಲಿಗೆ ಎಳೆಯುತ್ತದೆ, ನಿದ್ದೆ ಇಲ್ಲ. ಬಂದವರೆಲ್ಲ ಕೂಸಿನ ಮುಖ ನೋಡಿ ಹೋಗುತ್ತಾರೆ. ನನ್ನ ಗಂಡ ಬಂದಾಗ ನಮ್ಮ ಮನೆ ತುಂಬ ಜನ ಸೇರುತ್ತಿದ್ದರು. ಒಂದು ದಿನ ಅವರು ನಮ್ಮ ತಾಯಿಯ ಹತ್ತಿರ ಹೋಗಿ, "ನೀವು ಒಂದು ತಾಸು ಮಲಗಿರಿ, ನಾವಿಬ್ಬರೂ ಕೂಸನ್ನು ನೋಡಿಕೊಳ್ಳುತ್ತೇವೆ" ಎಂದು ಬಾಗಿಲು ಎಳೆದುಕೊಂಡರು. ಆ ತಾಸಿನಲ್ಲಿ ಅವರು ಯಾವ ಬುದ್ಧಿಮಾತನ್ನೂ ಹೇಳಲಿಲ್ಲ. ನಾನು ಅತ್ತುಬಿಟ್ಟೆ, ಅವರು ನನ್ನ ಕಾಲು ಒತ್ತಿದರು, ಕೂಸು ಮಲಗಿತ್ತು. ಅತ್ತೆಮ್ಮನ ಬಗ್ಗೆ ದೂರಿದೆ, ನಮ್ಮ ತಾಯಿಯ ಬಗ್ಗೆಯೂ ದೂರಿದೆ. ಸುಮ್ಮನೆ ಕೇಳಿದರು.

ಅಣ್ಣಾ, "ಏಕೆ ಅಳುತ್ತೀ" ಎಂದು ಕೇಳಬೇಡಿ. ಕಾರಣ ಕೇಳಿದರೆ ನಮಗೆ ಕಾರಣ ಹುಡುಕುವ ಇನ್ನೊಂದು ಕೆಲಸ ಬೀಳುತ್ತದೆ. "ಇವತ್ತು ಉಂಡದ್ದೇನು, ಎಷ್ಟು ಹೊತ್ತು ಮಲಗಿದೆ" ಎಂದು ಕೇಳಿ. ಇಂಥ ಅಳು ಸಾಮಾನ್ಯವಾಗಿ ಎರಡು ವಾರದೊಳಗೆ ತಗ್ಗುತ್ತದೆ. ಅದಕ್ಕೂ ಮೀರಿ ಹೋದರೆ, ಕೂಸು ಮಲಗಿದ್ದರೂ ಅವಳಿಗೆ ನಿದ್ದೆ ಬಾರದಿದ್ದರೆ, ಊಟ ಸೇರದಿದ್ದರೆ, ಕೂಸಿನ ಮೇಲೆ ಮನಸ್ಸೇ ಇಲ್ಲ ಎಂದರೆ ಅಥವಾ ಸಾಯುವ ಮಾತಾಡಿದರೆ ಅದು ಖಿನ್ನತೆ ಇರಬಹುದು. ವೈದ್ಯರಿಗೆ ತೋರಿಸಲೇಬೇಕು. ಗಾಳಿ ಸೋಕಿದೆ, ಬಾಣಂತಿ ಸನ್ನಿ ಎಂದು ಯಂತ್ರ ಕಟ್ಟಿಸುತ್ತಾ ದಿನ ಕಳೆಯಬೇಡಿ. ಟೆಲಿ ಮಾನಸ್ ಎಂಬ ಸರ್ಕಾರಿ ಸಹಾಯವಾಣಿ ಇದೆ, ಸಂಖ್ಯೆ 14416. ಕನ್ನಡದಲ್ಲಿಯೇ ಮಾತಾಡುತ್ತಾರೆ, ಹಗಲು-ರಾತ್ರಿ ಯಾವಾಗಲೂ ಕರೆ ಮಾಡಬಹುದು. ಗಂಡಸರೂ ತಮ್ಮ ಸಂಕಟಕ್ಕೆ ಅದೇ ಸಂಖ್ಯೆಗೆ ಕರೆ ಮಾಡಬಹುದು.

ಎದ್ದಳು. ಹೋಗುತ್ತೇನೆ.

ನೂಲು-ಸೂಜಿ (ಬಳ್ಳಾರಿ)

ಎಲ್ಲ ಓದಿದೆ. ತವರು, ಅತ್ತೆ, ಅಂಟಿನುಂಡೆ ಇರುವವರ ಮಾತು ಇವೆಲ್ಲ. ನಾನು ಜೀನ್ಸ್ ಪ್ಯಾಂಟ್ ಹೊಲಿಯುವವನು, ಹೊಲಿದಷ್ಟು ಪೀಸಿಗೆ ದುಡ್ಡು. ಹೆಂಡತಿಗೆ ತಾಯಿ ಇಲ್ಲ, ನನಗೂ ಇಲ್ಲ. ತಗಡಿನ ಚಾವಣಿಯ ಒಂದೇ ಕೋಣೆ. ಪಿತೃತ್ವ ರಜೆ ಎಂಬ ಪದವನ್ನು ಇಲ್ಲಿಯೇ ಮೊದಲು ಕಂಡದ್ದು.

ನಮ್ಮಲ್ಲಿ ತಂದೆಗೆ ಕೆಲಸ ಏನು ಎಂಬ ಪ್ರಶ್ನೆಯೇ ಬರಲಿಲ್ಲ, ಮಾಡುವವರು ಬೇರೆ ಯಾರೂ ಇಲ್ಲದ್ದರಿಂದ. ಬೆಳಗ್ಗೆ ಎದ್ದು ಅನ್ನ, ಬೇಳೆ ಕುದಿಸಿಟ್ಟು, ನೀರು ಕಾಯಿಸಿ ಹೆಂಡತಿಗೆ ಎರೆದು ಕೆಲಸಕ್ಕೆ ಹೋಗುತ್ತಿದ್ದೆ. ಮಧ್ಯಾಹ್ನ ಚಾವಣಿ ಕಾದಾಗ ಪಕ್ಕದ ಮನೆಯ ಖಾಲಾ ತಾಯಿ-ಮಗು ಇಬ್ಬರನ್ನೂ ತಮ್ಮ ಮನೆಗೆ ಕರೆದು ಮಲಗಿಸುತ್ತಿದ್ದರು. ಅವರದು ಆರ್‌ಸಿಸಿ ಮನೆ. ನಾನು ಮೇಲೆ ಗೋಣಿಚೀಲ ಹಾಸಿ ನೀರು ಹೊಡೆಯುತ್ತಿದ್ದೆ. ಅಂಗನವಾಡಿಯಲ್ಲಿ ಮಾತೃಪೂರ್ಣ ಯೋಜನೆಯ ಊಟವಿದೆ ಎಂದು ತಿಳಿದದ್ದೂ ಖಾಲಾ ಅವರಿಂದಲೇ.

ರಾತ್ರಿಯ ಮಾತು ಹೇಳುತ್ತೇನೆ. ಹಾಲು ಕೊಡುವುದು ಅವಳಿಂದಲೇ ಆಗಬೇಕು, ಆದರೆ ಹಾಲಿನ ಹಿಂದೆ-ಮುಂದಿನದು ನನ್ನದು. ಕೂಸು ಮಿಸುಕಿದರೆ ಎತ್ತಿ, ಬಟ್ಟೆ ಬದಲಿಸಿ ಅವಳ ಪಕ್ಕಕ್ಕೆ ಕೊಡುತ್ತಿದ್ದೆ. ಕುಡಿದಾದ ಮೇಲೆ ಹೆಗಲಿಗೆ ಹಾಕಿಕೊಂಡು, ಬೆನ್ನು ಮೆಲ್ಲಗೆ ತಟ್ಟುತ್ತಾ ತೇಗು ಬರುವವರೆಗೆ ಓಡಾಡಬೇಕು. ತೇಗು ಬಾರದೆ ಮಲಗಿಸಿದರೆ ಕುಡಿದದ್ದೆಲ್ಲ ಬಾಯಿಂದ ಹೊರಗೆ. ಒಂದೂವರೆ ತಿಂಗಳ ಹೊತ್ತಿಗೆ ಸಂಜೆಯಾದರೆ ಸಾಕು, ಮುಖ ಕೆಂಪೇರಿಸಿಕೊಂಡು ಗಂಟೆಗಟ್ಟಲೆ ಅಳುತ್ತಿತ್ತು. ಆಸ್ಪತ್ರೆಯಲ್ಲಿ ನೋಡಿ, ಈ ವಯಸ್ಸಿನಲ್ಲಿ ಅಳು ಹೆಚ್ಚು, ಮೂರು-ನಾಲ್ಕು ತಿಂಗಳಿಗೆ ತಗ್ಗುತ್ತದೆ ಎಂದರು. ಹಾಗೇ ಆಯಿತು. ಆ ಸಂಜೆಗಳಲ್ಲಿ ಒಮ್ಮೊಮ್ಮೆ ಕೈ ನಡುಗುವಷ್ಟು ಸಿಟ್ಟು ಬರುತ್ತಿತ್ತು. ಆಗ ಕೂಸನ್ನು ಚಾಪೆಯ ಮೇಲೆ ಅಂಗಾತ ಮಲಗಿಸಿ, ಹೊರಗೆ ಹೋಗಿ ಕೊಳಾಯಿ ಕೆಳಗೆ ತಲೆ ಕೊಡುತ್ತಿದ್ದೆ. ಕೂಸನ್ನು ಹಿಡಿದು ಅಲುಗಾಡಿಸುವುದು ಮಾತ್ರ ಆಗಬಾರದು, ಮಿದುಳಿಗೆ ಪೆಟ್ಟಾಗುತ್ತದೆ ಎಂದು ವಾರ್ಡಿನಲ್ಲಿ ಹೇಳಿಕೊಟ್ಟಿದ್ದರು.

ನಿಮಗೆ ಕೂಸನ್ನು ನೋಡಿಕೊಳ್ಳುವ ಜನರಿದ್ದಾರೆ ಎಂದು ನನಗೆ ಹೊಟ್ಟೆಕಿಚ್ಚಿಲ್ಲ, ಸಣ್ಣದೊಂದು ಇದೆ ಎನ್ನಿ.

ಹಳೇ ಕೋಟೆ (ಬಳ್ಳಾರಿ)

ನೂಲು-ಸೂಜಿ, ನೀನು ಇದೇ ಊರಿನವನು. ಬಾಣಂತಿ ಖಾರ ಮುಗಿದಿದ್ದರೆ ಖಾಸಗಿಯಾಗಿ ಬರೆದು ತಿಳಿಸು, ನಾನು ಕುಟ್ಟಿಸಿ ಕಳುಹಿಸುತ್ತೇನೆ. ಬೇಡ ಎನ್ನಬೇಡ. ದಾದಿಯಮ್ಮನವರೇ, ಅಗ್ಗಿಷ್ಟಿಕೆಯ ಗಾಳಿ ವಿಷ ಎಂಬುದು ನನಗೆ ಗೊತ್ತಿರಲಿಲ್ಲ. ನಮ್ಮ ಕಾಲದಲ್ಲಿ ಹೆಂಚಿನ ಮನೆ, ಬೆಳಕಿಂಡಿ ಇರುತ್ತಿತ್ತು, ಹೊಗೆ ಹೋಗುತ್ತಿತ್ತು. ಈಗಿನ ಕೋಣೆಗಳು ಪೆಟ್ಟಿಗೆಗಳು.

ಶಕ್ತಿನಗರ

ಕಾಗದಪತ್ರದ ಮಾತನ್ನು ಯಾರೂ ಎತ್ತಿಲ್ಲ. ಇದಂತೂ ಪೂರ್ತಿ ಅಪ್ಪನ ಖಾತೆ. ಜನನ ನೋಂದಣಿ 21 ದಿನದೊಳಗೆ ಆಗಬೇಕು. ಆಸ್ಪತ್ರೆಯ ಹೆರಿಗೆಯಾದರೆ ಅವರೇ ಮಾಹಿತಿ ಕಳುಹಿಸುತ್ತಾರೆ, ಆದರೆ ತಾಯಿ-ತಂದೆಯ ಹೆಸರಿನ ಕಾಗುಣಿತವನ್ನು ಆಧಾರ್ ಎದುರಿಗಿಟ್ಟು ಡಿಸ್ಚಾರ್ಜ್ ಆಗುವ ಮೊದಲೇ ನೋಡಿಕೊಳ್ಳಿ. ಒಂದು ಅಕ್ಷರ ತಿದ್ದಿಸಲು ಮುಂದೆ ಎಷ್ಟು ಅಲೆಯಬೇಕು ಎಂದು ಅಲೆದವನಿಗೇ ಗೊತ್ತು. ಕೂಸಿಗೆ ಹೆಸರಿಟ್ಟಿಲ್ಲ ಎಂದು ನೋಂದಣಿ ತಡೆಯಬೇಡಿ. ಹೆಸರನ್ನು ಒಂದು ವರ್ಷದೊಳಗೆ ಶುಲ್ಕವಿಲ್ಲದೆ ಸೇರಿಸಬಹುದು. 2023ರ ಅಕ್ಟೋಬರ್ 1ರಂದು ಅಥವಾ ಆಮೇಲೆ ಹುಟ್ಟಿದವರಿಗೆ ಶಾಲೆ, ಪಾಸ್‌ಪೋರ್ಟ್ ಎಲ್ಲದಕ್ಕೂ ಜನನ ಪ್ರಮಾಣಪತ್ರವೇ ಆಧಾರ.

ಮೊದಲ ಕೂಸಿಗೆ ಪ್ರಧಾನಮಂತ್ರಿ ಮಾತೃವಂದನಾ ಯೋಜನೆಯಲ್ಲಿ ಅರ್ಹ ತಾಯಂದಿರಿಗೆ 5,000 ರೂಪಾಯಿ ಎರಡು ಕಂತಿನಲ್ಲಿ ಬರುತ್ತದೆ. ಎರಡನೆಯ ಕಂತಿಗೆ ಜನನ ನೋಂದಣಿ ಮತ್ತು 14 ವಾರದವರೆಗಿನ ಲಸಿಕೆ ಆಗಿರಬೇಕು. ಅಂಗನವಾಡಿಯಲ್ಲಿ ವಿಚಾರಿಸಿ.

ಎಡದಂಡೆ (ತೋರಣಗಲ್ಲು)

ನಿನ್ನೆ ಹೋಗಿ ಬಂದೆ. ಹಳೇ ಕೋಟೆಯಮ್ಮನವರ ಮಾತೇ ಕೆಲಸ ಮಾಡಿತು. "ಅತ್ತೀ, ಹಿಡಿಯುವುದು ಕಲಿಸಿರಿ" ಎಂದೆ. ಅವರು ನನ್ನನ್ನು ನೆಲದ ಮೇಲೆ ಗೋಡೆಗೆ ಒರಗಿಸಿ ಕೂರಿಸಿ, ಎಡಮೊಣಕೈಯ ಮಡಿಕೆಯಲ್ಲಿ ಕೂಸಿನ ಕತ್ತು ಇಟ್ಟು, ಕೆಳಗೆ ಬಲಗೈ ಕೊಡಿಸಿದರು. ಕೂಸು ಕಣ್ಣು ಬಿಟ್ಟು ನೋಡಿ, ಎರಡು ಸಲ ಸೀನಿ, ನನ್ನ ಅಂಗಿಯ ಮೇಲೆ ಉಚ್ಚೆ ಹೊಯ್ದಿತು. ಮನೆಯೆಲ್ಲ ನಕ್ಕಿತು. ಇನ್ನು ಮೇಲೆ ಬಟ್ಟೆ ಬದಲಿಸುವುದು ನನ್ನದು ಎಂದು ಅಲ್ಲಿಯೇ ತೀರ್ಮಾನವಾಯಿತು.

ಅಗ್ಗಿಷ್ಟಿಕೆ ಪೂರ್ತಿ ಹೋಗಿಲ್ಲ. ಲೋಬಾನ ಸಂಜೆ ಒಮ್ಮೆ, ಅದೂ ಪಡಸಾಲೆಯಲ್ಲಿ, ಕೂಸು-ಬಾಣಂತಿ ಬೇರೆ ಕೋಣೆಯಲ್ಲಿ, ಕಿಟಕಿ ತೆರೆದು. ಇದಕ್ಕೆ ಅತ್ತೆ ಒಪ್ಪಿದರು, ಅವರ ಅಕ್ಕ ಒಪ್ಪಿಲ್ಲ. ಆ ಯುದ್ಧ ಮುಂದಿನ ವಾರಕ್ಕೆ. ಆಶಾ ಅವರ ಪಟ್ಟಿಯಲ್ಲಿ ನಮ್ಮ ಹೆಸರು ನಿಜವಾಗಿಯೂ ಇರಲಿಲ್ಲ, ಬರೆಸಿದೆ. ಹೆಂಡತಿಗೆ "ಉಂಡದ್ದೇನು" ಎಂದು ಕೇಳಿದೆ. ಬಹಳ ಹೊತ್ತು ಮಾತಾಡಿದಳು. ಅಳು ಇದೆ, ಆದರೆ ಕಡಿಮೆ. ನಿದ್ದೆ, ಊಟದ ಮೇಲೆ ಕಣ್ಣಿಟ್ಟಿರಲು ಭಾಮೈದನಿಗೂ ಹೇಳಿದ್ದೇನೆ.

ಕೊನೆಯ ಪ್ರಶ್ನೆ. ಐದು ತಿಂಗಳ ಬದಲು ಮೂರನೇ ತಿಂಗಳಿಗೇ ಬರುತ್ತೇನೆ ಎಂದು ಅವಳೇ ಹೇಳುತ್ತಿದ್ದಾಳೆ. ಆರು ವಾರದ ಲಸಿಕೆ ಸಿಂಧನೂರಿನ ಕಡೆ, ಹತ್ತು ವಾರದ್ದೂ ಅಲ್ಲೇ. ಹದಿನಾಲ್ಕು ವಾರದ್ದನ್ನು ಇಲ್ಲಿ ಹಾಕಿಸಬಹುದೇ? ಬಸ್ಸಿನಲ್ಲಿ ಕರೆತರಬಹುದೇ?

ಗಂಗಾವತಿ ಸೋನಾ

ಮೂರು ತಿಂಗಳೇ? ಎರಡು ತಿಂಗಳ ನಿದ್ದೆಯನ್ನು ಹೀಗೆ ಕಳೆದುಕೊಳ್ಳುವವರನ್ನು ನಾನು ನೋಡಿರಲಿಲ್ಲ.

ತಾಯಿ ಕಾರ್ಡ್ (ರಾಯಚೂರು)

ಯಾವ ಸರ್ಕಾರಿ ಆರೋಗ್ಯ ಕೇಂದ್ರದಲ್ಲಾದರೂ ಹಾಕುತ್ತಾರೆ, ಉಚಿತ. ತಾಯಿ ಕಾರ್ಡ್ ಮರೆಯದೆ ತನ್ನಿ, ಹುಟ್ಟಿದಾಗ ಹಾಕಿದ ಬಿಸಿಜಿ, ಪೋಲಿಯೊ ಹನಿ, ಹೆಪಟೈಟಿಸ್-ಬಿ ಅದರಲ್ಲಿ ದಾಖಲಾಗಿವೆಯೇ ಎಂದು ಈಗಲೇ ನೋಡಿ. ಆರು, ಹತ್ತು, ಹದಿನಾಲ್ಕು ವಾರಕ್ಕೆ ಕೊಡುವ ಪೆಂಟಾವೇಲೆಂಟ್ (ಐದು ರೋಗ ತಡೆಯುವ ಲಸಿಕೆ) ಚುಚ್ಚಿದ ದಿನ ಕೂಸಿಗೆ ಸಣ್ಣಗೆ ಜ್ವರ, ತೊಡೆಯಲ್ಲಿ ಬಾವು ಬರಬಹುದು, ಹೆದರಬೇಡಿ. ಹಾಕಿಸಿದ ದಿನವೇ ಪ್ರಯಾಣ ಇಟ್ಟುಕೊಳ್ಳಬೇಡಿ. ಬಸ್ಸಾದರೆ ನಸುಕಿನದ್ದು ಹಿಡಿಯಿರಿ, ಹತ್ತು ಗಂಟೆಯೊಳಗೆ ಮನೆ ಸೇರುವಂತಿರಲಿ. ದಾರಿಯಲ್ಲಿ ಕೇಳಿದಾಗ ಹಾಲು ಕೊಡಲು ಆಗುವಂತೆ ಕಿಟಕಿಯ ಪಕ್ಕದ ಸೀಟು ಅವಳಿಗೆ. ಬೈಕಿನಲ್ಲಿ ಬೇಡ. ತೋರಣಗಲ್ಲಿನಲ್ಲಿ ನಿಮ್ಮ ಓಣಿಯ ಆಶಾ ಯಾರು, ಲಸಿಕೆಯ ವಾರ ಯಾವುದು ಎಂದು ಅವರು ಬರುವ ಮೊದಲೇ ವಿಚಾರಿಸಿಟ್ಟುಕೊಳ್ಳಿ.